ವೊಬಾನ್: ಸೇನಾ ಬ್ಯಾರಕ್ ಬಡಾವಣೆಯಾದ ಬಗೆ

ಜರ್ಮನಿಯ ಫ್ರೈಬರ್ಗ್ ನಗರದ ವೊಬಾನ್ ಬಡಾವಣೆ, ಸುಸ್ಥಿರ ನಗರಾಭಿವೃದ್ಧಿ ಎಂದ ಕೂಡಲೇ ನೆನಪಾಗುವ ಹೆಸರು. 1930ರ ದಶಕದಲ್ಲಿ ಜರ್ಮನ್ ಸೇನೆಗಾಗಿ ಕಟ್ಟಿದ ಬ್ಯಾರಕ್‌ಗಳು ಎರಡನೇ ಮಹಾಯುದ್ಧದ ನಂತರ ಫ್ರೆಂಚ್ ಪಡೆಗಳ ಕೈಸೇರಿದವು. ಫ್ರಾನ್ಸ್‌ನ ದೊರೆ 14ನೇ ಲೂಯಿಯ ಕೋಟೆ ನಿರ್ಮಾಣ ತಜ್ಞ ವೊಬಾನ್‌ನ ಹೆಸರು ಅವಕ್ಕೆ ಬಂದದ್ದು ಆಗಲೇ. 1992ರಲ್ಲಿ ಪಡೆಗಳು ತೆರಳಿ, ಸುಮಾರು 40 ಹೆಕ್ಟೇರ್ ಜಾಗ ತೆರವಾಯಿತು.

ಆ ಜಾಗದಲ್ಲಿ ಎದ್ದ ಬಡಾವಣೆಯಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಕಾರಿನ ವಿಚಾರ. ಹೆಚ್ಚಿನ ವಸತಿ ಬೀದಿಗಳಲ್ಲಿ ಮನೆ ಮುಂದೆ ಕಾರು ನಿಲ್ಲಿಸುವಂತಿಲ್ಲ. ಸಾಮಾನು ಇಳಿಸಿ, ಕಾರನ್ನು ಬಡಾವಣೆಯ ಅಂಚಿನ ಬಹುಮಹಡಿ ಪಾರ್ಕಿಂಗ್ ಕಟ್ಟಡಕ್ಕೆ ಒಯ್ಯಬೇಕು. ಅಲ್ಲಿನ ಜಾಗಕ್ಕೆ ದುಡ್ಡು ಕೊಡಬೇಕಾದವರು ಕಾರಿನ ಒಡೆಯರೇ, ಕಾರಿಲ್ಲದವರಿಗೆ ಆ ಹೊರೆಯಿಲ್ಲ. ನನಗೆ ಇದು ತುಂಬ ನ್ಯಾಯವಾದ ವ್ಯವಸ್ಥೆ ಎನಿಸುತ್ತದೆ. ಹೀಗೆ ಕಾರುಗಳಿಲ್ಲದೆ ಉಳಿದ ಬೀದಿ ಮಕ್ಕಳ ಆಟದ ಬಯಲಾಗಿದೆ. 2006ರಲ್ಲಿ ಟ್ರಾಮ್ ಬಂತು. ಅದರ ಹಳಿಗಳ ನಡುವೆಯೂ ಹುಲ್ಲು ಬೆಳೆಸಿದ್ದಾರೆ.

ತೆರವಾದ ಭೂಮಿಯನ್ನು ಒಬ್ಬನೇ ದೊಡ್ಡ ಬಿಲ್ಡರ್‌ಗೆ ಒಪ್ಪಿಸಲಿಲ್ಲ. ಸಣ್ಣ ನಿವೇಶನಗಳಾಗಿ ವಿಂಗಡಿಸಿದ್ದರಿಂದ ಹಲವು ಕುಟುಂಬಗಳು ಗುಂಪುಗೂಡಿ ಮನೆ ಕಟ್ಟಿಕೊಂಡವು. ಕೆಲವು ಹಳೆಯ ಬ್ಯಾರಕ್‌ಗಳು ದುರಸ್ತಿಯಾಗಿ ಕಡಿಮೆ ಬಾಡಿಗೆಯ ಮನೆಗಳಾದವು, ಹಳೆಯ ಮರಗಳೂ ಉಳಿದವು. ಅಂಗಡಿ, ಶಾಲೆ, ಕಚೇರಿ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ.

ವಾಸ್ತುಶಿಲ್ಪಿ ರೋಲ್ಫ್ ಡಿಶ್ ವಿನ್ಯಾಸದ, ಇಲ್ಲಿನ ಸೌರ ವಸತಿ ಸಮುಚ್ಚಯದ 59 ಮನೆಗಳು ‘ಪ್ಲಸ್ ಎನರ್ಜಿ’ ಮಾದರಿಯವು: ವರ್ಷದ ಲೆಕ್ಕದಲ್ಲಿ ಬಳಸುವುದಕ್ಕಿಂತ ಹೆಚ್ಚು ಶಕ್ತಿ ಉತ್ಪಾದಿಸುತ್ತವೆ. ಮರದ ಚೂರುಗಳಿಂದ ನಡೆಯುವ ಸ್ಥಾವರವೊಂದು ಬಡಾವಣೆಗೆ ಶಾಖ, ವಿದ್ಯುತ್ ಎರಡನ್ನೂ ಒದಗಿಸುತ್ತದೆ. ಈಗ ಅಲ್ಲಿ 5,000ಕ್ಕೂ ಹೆಚ್ಚು ಜನ ವಾಸವಾಗಿದ್ದಾರೆ.