ಬೀಡಿ ಸೇದುವವರಿಗೆ ಕ್ಯಾರೊಟಿನ್ ಗುಳಿಗೆ ಬೇಡ

ಪ್ರಶ್ನೆ: ನನಗೆ 54 ವರ್ಷ. ಟೀ ತೋಟದಲ್ಲಿ ಕೆಲಸ, ಹುಡುಗನಾಗಿದ್ದಾಗಿನಿಂದ ಬೀಡಿ ಅಭ್ಯಾಸ. ಬೆಂಗಳೂರಿನಲ್ಲಿರುವ ಮಗ ಬೀಟಾ ಕ್ಯಾರೊಟಿನ್ ಗುಳಿಗೆ ಕಳಿಸಿದ್ದಾನೆ. ಆಂಟಿಆಕ್ಸಿಡೆಂಟ್, ಶ್ವಾಸಕೋಶ ಕಾಪಾಡುತ್ತದೆ, ನಮ್ಮ ಊಟಿ ಕ್ಯಾರೆಟ್ಟಿನಲ್ಲಿ ಇರುವುದೂ ಅದೇ ಅನ್ನುತ್ತಾನೆ. ದಿನಾ ತೆಗೆದುಕೊಳ್ಳಬಹುದೇ ಡಾಕ್ಟರೇ?
– ಹೆಸರು ಬೇಡ, ಗೂಡಲೂರು

ಉತ್ತರ: ಗುಳಿಗೆಯನ್ನು ಇವತ್ತೇ ನಿಲ್ಲಿಸಿ. ಕ್ಯಾರೆಟ್ ತಿನ್ನುತ್ತಿರಿ.

ಮಗ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಕ್ಯಾರೆಟ್ಟಿನ ಕಿತ್ತಳೆ ಬಣ್ಣಕ್ಕೆ ಮುಖ್ಯ ಕಾರಣ ಬೀಟಾ ಕ್ಯಾರೊಟಿನ್. ಕ್ಯಾರೊಟಿನ್ನನ್ನು 1831ರಲ್ಲಿ ಜರ್ಮನಿಯ ವಾಕೆನ್‌ರೋಡರ್ ಕ್ಯಾರೆಟ್ಟಿನಿಂದಲೇ ಬೇರ್ಪಡಿಸಿದರು. ಸುಮಾರು ನೂರು ವರ್ಷದ ನಂತರ ಅದರ ರಚನೆ ಬಿಡಿಸಿದ ಪೌಲ್ ಕಾರರ್ ಅವರಿಗೆ 1937ರಲ್ಲಿ ನೊಬೆಲ್ ಬಂತು. ಗಿಡಕ್ಕೆ ಈ ಬಣ್ಣ ರಕ್ಷಣೆಯ ಸಾಧನ. ಎಲೆ ಹೀರಿದ ಬಿಸಿಲು ಮಿತಿಮೀರಿದಾಗ ಅಲ್ಲಿನ ಆಮ್ಲಜನಕ ಉದ್ರಿಕ್ತವಾಗಿ ಜೀವಕೋಶದ ಪೊರೆ, ಪ್ರೋಟೀನು, ಡಿಎನ್‌ಎಗಳ ಮೇಲೆ ಎರಗುತ್ತದೆ. ಬೀಟಾ ಕ್ಯಾರೊಟಿನ್ ಅಣುವಿನ ಉದ್ದಕ್ಕೂ ಸಾಲಾಗಿರುವ 11 ದ್ವಿಬಂಧಗಳು ಆ ಹೆಚ್ಚುವರಿ ಶಕ್ತಿಯನ್ನು ಪಡೆದು ಶಾಖವಾಗಿ ಹೊರಬಿಡುತ್ತವೆ. ಅಣು ಬಹುಪಾಲು ಹಾಗೇ ಉಳಿದು ಮತ್ತೆ ಅದೇ ಕೆಲಸಕ್ಕೆ ಅಣಿಯಾಗುತ್ತದೆ.

ತರಕಾರಿ, ಸೊಪ್ಪು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿತ್ತು. ಹಾಗಿದ್ದರೆ ಬಣ್ಣವನ್ನೇ ಗುಳಿಗೆ ಮಾಡಿ ಕೊಟ್ಟರಾಯಿತು ಎಂದು ವೈದ್ಯಲೋಕ ಆಸೆಪಟ್ಟಿತು. ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರನ್ನು ಆರಿಸಿ, ಅವರಲ್ಲಿ ಅರ್ಧದಷ್ಟು ಜನಕ್ಕೆ ದಿನಾ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಕೊಟ್ಟರು. 1994ರಲ್ಲಿ ಲೆಕ್ಕ ಹೊರಬಂದಾಗ, ಅದನ್ನು ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಸಿಗರೇಟು ಸೇದುವವರು, ಬಿಟ್ಟವರು, ಕಲ್ನಾರಿನ ಕೆಲಸಗಾರರು ಸೇರಿ 18,314 ಜನರ ಪ್ರಯೋಗ ನಡೆದಿತ್ತು. ಕ್ಯಾರೊಟಿನ್ ಜೊತೆ ವಿಟಮಿನ್ ಎ ಪಡೆದವರಲ್ಲಿ ಕ್ಯಾನ್ಸರ್ ಶೇ 28ರಷ್ಟು ಹೆಚ್ಚಿದ್ದು ಕಂಡು, 1996ರ ಜನವರಿಯಲ್ಲಿ, ಅವಧಿಗೆ 21 ತಿಂಗಳು ಮೊದಲೇ ಅದನ್ನು ನಿಲ್ಲಿಸಿದರು. ಕ್ಯಾನ್ಸರ್ ತಡೆಯಲೆಂದೇ ಕೊಟ್ಟ ಗುಳಿಗೆ ಅದು ಎಂದು ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ.

ಹೀಗೇಕಾಯಿತು? ತಟ್ಟೆಯ ಪಲ್ಯದಿಂದ ಈ ಬಣ್ಣ ರಕ್ತಕ್ಕೆ ಸೇರುವುದು ನಿಧಾನ, ಸೇರುವ ಪಾಲೂ ಸಣ್ಣದು. ಗುಳಿಗೆಯಿಂದಾದರೆ ರಕ್ತದಲ್ಲಿ ಅದರ ಮಟ್ಟ ಹತ್ತು ಪಟ್ಟಿಗೂ ಮೇಲೆ ಏರಬಲ್ಲದು. ಹೊಗೆ ತುಂಬಿದ ಶ್ವಾಸಕೋಶದಲ್ಲಿ ಅಷ್ಟೊಂದು ಕ್ಯಾರೊಟಿನ್ ತಾನೇ ಒಡೆದು, ಕೋಶಗಳ ಬೆಳವಣಿಗೆಯ ಹತೋಟಿ ತಪ್ಪಿಸುವ ತುಣುಕುಗಳಾಗುತ್ತದೆ ಎಂಬುದು ಪ್ರಾಣಿಗಳ ಮೇಲಿನ ಅಧ್ಯಯನಗಳು ಕೊಡುವ ವಿವರಣೆ. ಅಮೆರಿಕದ 22,071 ವೈದ್ಯರು ಪಾಲ್ಗೊಂಡ ಇನ್ನೊಂದು ಪ್ರಯೋಗದಲ್ಲಿ ಬಹುತೇಕರು ಧೂಮಪಾನ ಮಾಡದವರು. ಅಲ್ಲಿ ಹನ್ನೆರಡು ವರ್ಷ ನುಂಗಿದರೂ ಲಾಭವಾಗಲಿಲ್ಲ, ನಷ್ಟವೂ ಆಗಲಿಲ್ಲ.

ನಿಮ್ಮ ಶ್ವಾಸಕೋಶಕ್ಕೆ ಬೇಕಾದ ರಕ್ಷಣೆ ಬೀಡಿ ಬಿಡುವುದು. ಒಬ್ಬರೇ ಬಿಡುವುದು ಕಷ್ಟ, ಬಲ್ಲೆ. 1800-11-2356ಕ್ಕೆ ಕರೆ ಮಾಡಿ, ತಂಬಾಕು ಬಿಡಲು ನೆರವಾಗುವ ಸರ್ಕಾರದ ಉಚಿತ ಸಹಾಯವಾಣಿ ಅದು. ಮಗನಿಗೂ ಈ ಉತ್ತರ ಓದಲು ಹೇಳಿ. ಅಪ್ಪನ ಮೇಲಿನ ಕಾಳಜಿಯಿಂದ ಕಳಿಸಿದ್ದಾನೆ, ಬೈಯಬೇಡಿ.

ಪ್ರಶ್ನೆ: ಕೇತ್ತಿಯಲ್ಲಿ ನಮ್ಮದೇ ಕ್ಯಾರೆಟ್ ಬೆಳೆ. 14 ತಿಂಗಳ ಮಗುವಿಗೆ ದಿನಕ್ಕೆರಡು ಹೊತ್ತು ಬೇಯಿಸಿ ಕಿವುಚಿ ತಿನ್ನಿಸುತ್ತೇನೆ. ಈಗ ಅಂಗೈ, ಮೂಗಿನ ತುದಿ ಹಳದಿಯಾಗಿವೆ. ಅತ್ತೆ ಕಾಮಾಲೆ ಅಂತಾರೆ, ಹಸಿರು ಮದ್ದು ಹಾಕಿಸೋಣ ಅಂತಾರೆ.
– ಒಬ್ಬ ತಾಯಿ, ಉದಕಮಂಡಲ

ಉತ್ತರ: ಮಗುವನ್ನು ಬೆಳಕಿಗೆ ಹಿಡಿದು ಕಣ್ಣಿನ ಬಿಳಿಭಾಗ ನೋಡಿ. ಅದು ಬೆಳ್ಳಗಿದ್ದು, ಮೂತ್ರದ ಬಣ್ಣ ಎಂದಿನಂತಿದ್ದು, ಮಗು ಆಡಿಕೊಂಡಿದ್ದರೆ ಇದು ಕ್ಯಾರೊಟಿನ್ ಚರ್ಮದಲ್ಲಿ ನಿಂತಿರುವುದೇ ಸರಿ. ಅಪಾಯವಿಲ್ಲ. ದೇಹ ಕ್ಯಾರೊಟಿನ್ನಿನಿಂದ ತನಗೆ ಬೇಕಾದಷ್ಟೇ ವಿಟಮಿನ್ ಎ ಮಾಡಿಕೊಳ್ಳುತ್ತದೆ, ಆದ್ದರಿಂದ ಕ್ಯಾರೆಟ್ಟಿನಿಂದ ವಿಟಮಿನ್ ವಿಷವಾಗುವುದಿಲ್ಲ. ವಾರಕ್ಕೆ ಎರಡು ಮೂರು ಸಲಕ್ಕೆ ಇಳಿಸಿ, ಬೇಳೆ, ಮೊಟ್ಟೆ, ರಾಗಿ ಸೇರಿಸಿ. ಬಣ್ಣ ಇಳಿಯಲು ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಳೇ ಬೇಕು. ಕಣ್ಣೂ ಹಳದಿಯಾಗಿದ್ದರೆ, ಮೂತ್ರ ಗಾಢವಾಗಿದ್ದರೆ ಅಥವಾ ಮಲ ಬಿಳಿಚಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮದ್ದು ಹಾಕಿಸುವ ಮಾತು ಎರಡೂ ಸಂದರ್ಭದಲ್ಲಿ ಬೇಡ. ಅತ್ತೆಯವರಿಗೆ ಮೆಲ್ಲಗೆ ತಿಳಿಹೇಳಿ, ಕಾಮಾಲೆಯ ಅವರ ಭಯ ಸುಳ್ಳಲ್ಲ.

ಪ್ರಶ್ನೆ: ಅಮ್ಮನಿಗೆ 67. ಸಂಜೆಯಾದರೆ ಕಣ್ಣು ಮಂಜು. ದಿನಾ ಹಸಿ ಕ್ಯಾರೆಟ್ ರಸ ಕೊಡುತ್ತಿದ್ದೇವೆ, ಪ್ರಯೋಜನ ಕಾಣುತ್ತಿಲ್ಲ.
– ಮಸಿನಗುಡಿ

ಉತ್ತರ: ಈ ವಯಸ್ಸಿಗೆ ಮಂಜಾಗಲು ಮೊದಲ ಕಾರಣ ಕಣ್ಣಿನ ಪೊರೆ. ಸಕ್ಕರೆ ಕಾಯಿಲೆಯೂ ಇರಬಹುದು. ಎರಡಕ್ಕೂ ರಸ ಔಷಧಿಯಲ್ಲ, ಈ ವಾರವೇ ಕಣ್ಣು ತೋರಿಸಿ. ಕ್ಯಾರೊಟಿನ್ ಹೀರಿಕೊಳ್ಳಲು ಕೊಬ್ಬು ಬೇಕು, ಬೇಯಿಸಿದರೆ ತರಕಾರಿಯಿಂದ ಅದು ಸುಲಭವಾಗಿ ಬಿಡುತ್ತದೆ. ಹಾಗಾಗಿ ರಸಕ್ಕಿಂತ ಎಣ್ಣೆ ಒಗ್ಗರಣೆಯ ಪಲ್ಯ ಮೇಲು. ಕ್ಯಾರೆಟ್ಟೇ ಆಗಬೇಕೆಂದಿಲ್ಲ, ಹಿತ್ತಲ ನುಗ್ಗೆ ಸೊಪ್ಪಿನಲ್ಲೂ ದಂಟಿನ ಸೊಪ್ಪಿನಲ್ಲೂ ಇದೇ ಬಣ್ಣ ಹಸಿರಿನಡಿ ಅಡಗಿದೆ. ಮನೆಯಲ್ಲಿ 5 ವರ್ಷದೊಳಗಿನ ಮಕ್ಕಳಿದ್ದರೆ ಅವರ ವಿಟಮಿನ್ ಎ ದ್ರಾವಣವನ್ನು ಮಾತ್ರ ತಪ್ಪಿಸಬೇಡಿ. 9ನೇ ತಿಂಗಳಲ್ಲಿ ಮೊದಲ ಡೋಸ್, ಆಮೇಲೆ ಆರು ತಿಂಗಳಿಗೊಮ್ಮೆ, ಒಟ್ಟು ಒಂಬತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಹಾಕುತ್ತಾರೆ, ಹೋಗುವಾಗ ಲಸಿಕೆ ಕಾರ್ಡ್ ಕೊಂಡೊಯ್ಯಿರಿ.