ಮೊದಲು ಶುಲ್ಕ ಕಟ್ಟು, ಮಗಳೇ

ಪ್ರೀತಿಯ ಮಗಳೇ,

ಹೆಸರು, ವಿಳಾಸ ಬರೆಯದೆ ಪತ್ರ ಕಳಿಸಿದ್ದೀಯ. ಅದಕ್ಕೇ ಪತ್ರಿಕೆಯಲ್ಲೇ ಉತ್ತರ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಎಂ.ಟೆಕ್ ಸೀಟು ಸಿಕ್ಕಿದೆ, ಶುಲ್ಕ ಕಟ್ಟಲು ಇನ್ನು ಕೆಲವೇ ದಿನ, ‘ಹೋಗುವುದಾದರೆ ನನ್ನನ್ನು ಮರೆತುಬಿಡು’ ಅಂದಿದ್ದಾನೆ ನೀನು ಪ್ರೀತಿಸುವ ಹುಡುಗ. ಇದನ್ನೆಲ್ಲ ಎರಡೇ ಸಾಲಿನಲ್ಲಿ ಮುಗಿಸಿ, ಮಿಕ್ಕ ಪುಟಗಳ ತುಂಬ ಅವನ ಒಳ್ಳೆಯತನವನ್ನೇ ಬರೆದಿದ್ದೀಯ. ಜ್ವರ ಬಂದಾಗ ಹಾಸ್ಟೆಲ್ ಗೇಟಿನವರೆಗೆ ಗಂಜಿ ತಂದುಕೊಟ್ಟನಂತೆ. ನಂಬುತ್ತೇನೆ. ಆದರೆ ನಡುನಡುವೆ ಬೇರೆ ಸಂಗತಿಗಳೂ ನುಸುಳಿವೆ. ಗೇಟ್ ಪರೀಕ್ಷೆಯ ಕೋಚಿಂಗ್‌ಗೆ ಸೇರಿದ್ದಕ್ಕೆ ಹದಿನೈದು ದಿನ ಮಾತು ಬಿಟ್ಟ. ರಿಸಲ್ಟ್ ಬಂದ ದಿನ ಫೋನೇ ಎತ್ತಲಿಲ್ಲ. ನಿನ್ನ ಫೋನ್ ಬ್ಯುಸಿ ಬಂದರೆ ಕಾಲ್ ಲಿಸ್ಟಿನ ಸ್ಕ್ರೀನ್‌ಶಾಟ್ ಕೇಳುತ್ತಾನೆ. ಪ್ರತಿ ಸಲವೂ ‘ಸಾರಿ’ ಹೇಳಿದವಳು ನೀನೇ. ಗಂಜಿಯ ಋಣ ಎಷ್ಟೇ ದೊಡ್ಡದಿರಲಿ, ಅದನ್ನು ತೀರಿಸಲು ಒಂದು ಡಿಗ್ರಿ ಕೊಡಬೇಕಾಗಿಲ್ಲ.

‘ಓದಿದರೆ ಪ್ರೀತಿ ಕಳೆದುಕೊಳ್ಳುತ್ತೇನೆ’ ಎಂದು ಹೆದರಿದ್ದೀಯ. ಆಂಟೆನಾ ವಿಷಯ ಓದಲು ಹೊರಟವಳು ನೀನು, ರಾಜೇಶ್ವರಿ ಚಟರ್ಜಿಯವರ ಹೆಸರು ಕೇಳಿರಬೇಕು. ನಮ್ಮ ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದವರು. ಸ್ಕಾಲರ್‌ಶಿಪ್ ಪಡೆದು ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ ಮುಗಿಸಿ, 1953ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಧ್ಯಾಪಕಿಯಾದರು. ಮದುವೆಯಾದದ್ದು ಆಮೇಲೆ, ಅಲ್ಲೇ ಪಾಠ ಮಾಡುತ್ತಿದ್ದ ಶಿಶಿರ್ ಕುಮಾರ್ ಚಟರ್ಜಿಯವರನ್ನು. ಗಂಡ ಹೆಂಡತಿ ಜೊತೆಯಾಗಿಯೇ ಮೈಕ್ರೋವೇವ್ ಸಂಶೋಧನೆ ನಡೆಸಿದರು. ಹೆಂಡತಿಯ ಓದು ಅಡ್ಡಿಯೆನಿಸದ ಗಂಡಸರು ಆ ಕಾಲದಲ್ಲೇ ಇದ್ದರು. ಈಗಲೂ ಇದ್ದಾರೆ.

ಹೋದರೆ ದುಃಖ ಇರುವುದಿಲ್ಲವೆಂದು ನಾನು ಹೇಳಲಾರೆ. ಇರುತ್ತದೆ. ಹೊಸ ಊರು, ಯಾರೂ ಪರಿಚಯವಿಲ್ಲದ ಮೆಸ್ಸು, ಭಾನುವಾರದ ಸಂಜೆಗಳು ತುಂಬ ಕಷ್ಟವಾಗುತ್ತವೆ. ಆದರೆ ಸೀಟು ಬಿಟ್ಟು ಉಳಿದರೂ ಈ ಸಂಬಂಧ ನಿಲ್ಲುತ್ತದೆಂದು ನಿನಗೇ ನಂಬಿಕೆಯಿಲ್ಲ. ‘ಇನ್ನೊಂದು ವರ್ಷ ನೋಡೋಣ’ ಎಂದು ನೀನೇ ಬರೆದಿದ್ದೀಯ. ಆ ಒಂದು ವರ್ಷ ಯಾರದು, ಮಗಳೇ? ಅವನ ಕೆಲಸ, ಅವನ ಸಂಬಳ, ಅವನ ಗೆಳೆಯರು ಎಲ್ಲವೂ ಹಾಗೇ ಇರುತ್ತವೆ. ಕಳೆದುಹೋಗುವುದು ನಿನ್ನ ವರ್ಷ ಮಾತ್ರ.

ಅವನನ್ನು ಒಪ್ಪಿಸಿ ಆಮೇಲೆ ಹೊರಡುತ್ತೇನೆ ಅಂದುಕೊಂಡು ಕೂರಬೇಡ, ಕೊನೆಯ ದಿನಾಂಕ ದಾಟಿಹೋಗುತ್ತದೆ. ಮೊದಲು ಶುಲ್ಕ ಕಟ್ಟಿ ರಸೀದಿ ಇಳಿಸಿಕೊ. ಮಾರ್ಕ್ಸ್‌ಕಾರ್ಡ್ ಒರಿಜಿನಲ್‌ಗಳು ಅವನ ರೂಮಿನಲ್ಲಿವೆ ಅಂದೆಯಲ್ಲ, ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿ ತಂದುಬಿಡು. ಆಮೇಲೆ ನಾಲ್ಕು ಜನ ಓಡಾಡುವ ಜಾಗದಲ್ಲಿ ಅವನನ್ನು ಭೇಟಿಯಾಗಿ ನೇರವಾಗಿ ಹೇಳು: ನಾನು ಹೋಗುತ್ತಿದ್ದೇನೆ, ನಮ್ಮಿಬ್ಬರದು ಇಲ್ಲಿಗೆ ಮುಗಿಯಿತು. ಅತ್ತರೆ ನೀನೂ ಅತ್ತುಬಿಡು, ಮಾತು ಮಾತ್ರ ಬದಲಿಸಬೇಡ. ಹಿಂಬಾಲಿಸಿದರೆ, ಹೆದರಿಸಿದರೆ, ಮುಚ್ಚಿಟ್ಟುಕೊಳ್ಳದೆ 112ಕ್ಕೆ ಫೋನ್ ಮಾಡು. ಅಮ್ಮನಿಗೂ ವಿಷಯ ತಿಳಿಸು. ಬೈಯಬಹುದು, ಬೈದ ಮೇಲೂ ಜೊತೆಗೆ ನಿಲ್ಲುವವಳು ಅವಳೇ.

ಹಾಸ್ಟೆಲ್‌ಗೆ ಬೇರೆಯೇ ಅರ್ಜಿ ಹಾಕಬೇಕಾಗಬಹುದು. ಅದನ್ನೂ ಇವತ್ತೇ ವಿಚಾರಿಸು.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ