ಕ್ಯಾಡ್ ಅಸೆಂಬ್ಲಿ: ಬೋಲ್ಟಿನ ತೂತನ್ನು ನಂಬಿ ಕೆಡಬೇಡಿ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಶೆಡ್ಡುಗಳಿಗೆ ಈಗ ಕಾಗದದ ಡ್ರಾಯಿಂಗಿನ ಜೊತೆಗೆ, ಕೆಲವೊಮ್ಮೆ ಅದರ ಬದಲಿಗೇ, ಸ್ಟೆಪ್ ಫೈಲು ಬರುತ್ತದೆ. ಪರದೆ ಮೇಲೆ ನೋಡಿದರೆ ಎಲ್ಲ ಭಾಗಗಳೂ ನೀಟಾಗಿ ಕೂತಿರುತ್ತವೆ. ಸೆಕ್ಷನ್ ವ್ಯೂನಲ್ಲಿ ಕೊಯ್ದು ನೋಡಿದಾಗ ಗುಟ್ಟು ರಟ್ಟಾಗುತ್ತದೆ. ಬೇರಿಂಗು ಕೂರಬೇಕಾದ ಜಾಗದಿಂದ 0.4 ಮಿ.ಮೀ. ಮೇಲೆ ತೇಲುತ್ತಿರುತ್ತದೆ, ಇಲ್ಲವೇ ಶಾಫ್ಟು ಎರಕದ ಗೋಡೆಯೊಳಕ್ಕೆ ಹೊಕ್ಕಿರುತ್ತದೆ. ಮೌಸಿನಲ್ಲಿ ಎಳೆದು ಕಣ್ಣಂದಾಜಿಗೆ ಇಟ್ಟು ಸೇವ್ ಒತ್ತಿದವರ ಕೆಲಸ ಇದು. ಇವರನ್ನು ತಿದ್ದುವುದು ಸುಲಭ. ಮೇಟ್ (ಭಾಗಕ್ಕೆ ಭಾಗ ಕೂಡಿಸುವ ಕಟ್ಟು) ಹಾಕಿಯೂ ತಪ್ಪು ಜಾಗಕ್ಕೆ ಹಾಕಿದವರನ್ನು ತಿದ್ದುವುದು ಕಷ್ಟ, ಯಾಕೆಂದರೆ ಅವರ ಫೈಲಿನಲ್ಲಿ ತಪ್ಪು ಕಾಣುವುದಿಲ್ಲ. ಈ ಬರಹ ಹೆಚ್ಚಾಗಿ ಈ ಎರಡನೆಯವರಿಗಾಗಿ.

ಉದಾಹರಣೆಗೆ ಪ್ಲಮರ್ ಬ್ಲಾಕನ್ನೇ ತೆಗೆದುಕೊಳ್ಳೋಣ. ಮೆಷಿನ್ ಡ್ರಾಯಿಂಗ್ ಲ್ಯಾಬಿನಲ್ಲಿ ಸ್ಕ್ರೂ ಜಾಕ್, ಮೆಷಿನ್ ವೈಸ್‌ಗಳ ಜೊತೆಗೆ ಇದು ಇದ್ದೇ ಇರುತ್ತದೆ. ಕೆಳಗೆ ಎರಕದ ಬಾಡಿ, ಅದರ ಅರೆಕುಳಿಯಲ್ಲಿ ಕೆಳಗಿನ ಬ್ರಾಸು (ಅರ್ಧ ಬೇರಿಂಗು), ಅದರ ಮೇಲೆ ಮೇಲಿನ ಬ್ರಾಸು, ಎಲ್ಲಕ್ಕೂ ಮೇಲೆ ಕ್ಯಾಪು. ಎರಡು ಬೋಲ್ಟು, ನಟ್ಟು, ಲಾಕ್‌ನಟ್ಟು ಇವನ್ನೆಲ್ಲ ಹಿಡಿದಿರುತ್ತವೆ. ಬ್ರಾಸುಗಳ ನಡುವೆ ಶಾಫ್ಟು ತಿರುಗುತ್ತದೆ.

ಸಾಲಿಡ್‌ವರ್ಕ್ಸ್‌ನಲ್ಲಿ ಮೇಟ್, ಇನ್ವೆಂಟರ್‌ನಲ್ಲಿ ಕನ್‌ಸ್ಟ್ರೇಂಟ್, ಫ್ಯೂಷನ್‌ನಲ್ಲಿ ಜಾಯಿಂಟ್; ಲೆಕ್ಕ ಒಂದೇ. ಬಿಡಿಯಾಗಿ ಬಿದ್ದಿರುವ ಭಾಗಕ್ಕೆ ಆರು ಬಗೆಯ ಚಲನೆ ಉಂಟು: ಮೂರು ದಿಕ್ಕಿಗೆ ಜಾರುವುದು, ಮೂರು ಅಕ್ಷದ ಸುತ್ತ ತಿರುಗುವುದು. ಚಪ್ಪಟೆ ಮುಖಕ್ಕೆ ಚಪ್ಪಟೆ ಮುಖ ಕೂಡಿಸಿದರೆ ಮೂರು ಕಟ್ಟಾಗುತ್ತವೆ. ಸಿಲಿಂಡರಿಗೆ ಸಿಲಿಂಡರನ್ನು ಕಾನ್‌ಸೆಂಟ್ರಿಕ್ ಮಾಡಿದರೆ, ಅಂದರೆ ಅಕ್ಷಕ್ಕೆ ಅಕ್ಷ ಕೂಡಿಸಿದರೆ, ನಾಲ್ಕು. ಆರೂ ಮುಗಿದ ಮೇಲೆ ಇನ್ನೊಂದು ಹಾಕಿದರೆ ಜಗಳ ಶುರುವಾಗಬಹುದು. ಹಿನ್ನೆಲೆಯಾಗಿ ಇಷ್ಟು ಸಾಕು.

ಮೊದಲು ಬಾಡಿ

ಹೊಸ ಅಸೆಂಬ್ಲಿ ತೆರೆದ ಕೂಡಲೇ ತರಬೇಕಾದ್ದು ಬಾಡಿ. ನಿಜವಾದ ಯಂತ್ರದಲ್ಲಿ ಯಾವುದು ನೆಲಕ್ಕೆ ಕೂರುತ್ತದೋ ಅದೇ ಇಲ್ಲೂ ಮೊದಲು. ತಂದದ್ದನ್ನು ಪರದೆಯ ಮೇಲೆ ಎಲ್ಲೋ ಒಂದು ಕಡೆ ಕ್ಲಿಕ್ಕಿಸಿ ಬಿಡಬೇಡಿ. ಸಾಲಿಡ್‌ವರ್ಕ್ಸ್‌ನಲ್ಲಿ ಎಡಗಡೆ ಕಾಣುವ ಹಸಿರು ಟಿಕ್ ಒತ್ತಿದರೆ ಬಾಡಿಯ ಆರಿಜಿನ್ ಅಸೆಂಬ್ಲಿಯ ಆರಿಜಿನ್ ಮೇಲೆ ತಾನೇ ಕೂರುತ್ತದೆ. ಟ್ರೀಯಲ್ಲಿ ಹೆಸರಿನ ಹಿಂದೆ ಎಫ್ ಅಕ್ಷರ ಬಂದರೆ ಅದು ಅಲ್ಲಾಡದಂತೆ ಫಿಕ್ಸ್ ಆಗಿದೆ ಎಂದು ತಿಳಿಯಿರಿ. ಫ್ರೀಕ್ಯಾಡ್‌ನಲ್ಲಿ ಗ್ರೌಂಡ್ ಆಗಿದೆಯೇ ಎಂದು ನೀವೇ ಖಾತ್ರಿ ಮಾಡಿಕೊಳ್ಳಬೇಕು.

ಬಾಡಿಯನ್ನು ಮಾಡೆಲ್ ಮಾಡುವಾಗಲೇ ಅದರ ನಟ್ಟನಡುವೆ ಪ್ಲೇನ್ ಹಾಯುವಂತೆ ಬರೆದಿದ್ದರೆ ಮುಂದಿನ ಅರ್ಧ ಕೆಲಸ ಮುಗಿದಂತೆ. ಮೂಲೆಯಿಂದ ಬರೆಯಲು ಶುರು ಮಾಡಿದ್ದರೆ ಈಗಲೇ ವಾಪಸು ಹೋಗಿ ತಿದ್ದಿ. ಆಮೇಲೆ ಮಾಡುತ್ತೇನೆ ಅಂದವರು ಮಾಡಿದ್ದನ್ನು ಕಂಡಿಲ್ಲ.

ಬ್ರಾಸು

ಕೆಳಗಿನ ಬ್ರಾಸಿನ ಹೊರಮೈಯನ್ನೂ ಬಾಡಿಯ ಅರೆಕುಳಿಯನ್ನೂ ಆರಿಸಿ ಕಾನ್‌ಸೆಂಟ್ರಿಕ್ ಕೊಡಿ. ಆರಿಸಬೇಕಾದ್ದು ದುಂಡನೆಯ ಮೈ; ಅಂಚಿನ ವೃತ್ತವನ್ನಲ್ಲ. ನಾಳೆ ಯಾರಾದರೂ ಆ ಅಂಚಿಗೆ ಫಿಲೆಟ್ ಕೊಟ್ಟರೆ ವೃತ್ತವೇ ಮಾಯವಾಗುತ್ತದೆ, ಅದರ ಜೊತೆ ಮೇಟೂ ಹೋಗುತ್ತದೆ. ಮೈಗೆ ಹಾಕಿದ ಮೇಟ್ ಸಾಮಾನ್ಯವಾಗಿ ಉಳಿಯುತ್ತದೆ.

ಎರಡನೆಯದು, ಬ್ರಾಸಿನ ನಡುವಿನ ಪ್ಲೇನನ್ನು ಬಾಡಿಯ ನಡುವಿನ ಪ್ಲೇನಿಗೆ ಕೂಡಿಸಿ. ಈಗ ಉಳಿದದ್ದು ಕುಳಿಯೊಳಗೆ ತಿರುಗುವುದೊಂದೇ. ಬ್ರಾಸನ್ನು ಹಿಡಿದು ಎಳೆಯಿರಿ, ಗಿರ್ರನೆ ತಿರುಗುತ್ತದೆ. ನಿಜವಾದ ಬ್ಲಾಕಿನಲ್ಲಿ ಶಾಫ್ಟಿನ ಜೊತೆ ಬ್ರಾಸೂ ತಿರುಗದಂತೆ ತಡೆಯುವುದು ಅದರ ಬೆನ್ನಿಗಿರುವ ಸ್ನಗ್ ಎಂಬ ಗಿಡ್ಡ ಗೂಟ. ಅದು ಬಾಡಿಯ ತೂತಿನಲ್ಲಿ ಇಳಿದಿರುತ್ತದೆ. ಅದನ್ನೂ ಕಾನ್‌ಸೆಂಟ್ರಿಕ್ ಮಾಡಿಬಿಡೋಣ ಅನ್ನಿಸುತ್ತದೆ. ಬೇಡ. ಕಟ್ಟಬೇಕಾದ್ದು ಒಂದೇ ಚಲನೆ, ಆದ್ದರಿಂದ ಒಂದನ್ನಷ್ಟೇ ಕಟ್ಟುವ ಮೇಟ್ ಸಾಕು: ಬ್ರಾಸಿನ ಸೀಳುಮುಖ (ಎರಡು ಬ್ರಾಸು ಕೂಡುವ ಚಪ್ಪಟೆ ಮುಖ) ಬಾಡಿಯ ತಳಕ್ಕೆ ಪ್ಯಾರಲಲ್. ಸ್ನಗ್ ತನ್ನ ತೂತಿಗೆ ತಾನೇ ಬಂದು ನಿಂತಿತೇ? ನಿಂತರೆ ನಿಮ್ಮ ಮಾಡೆಲ್ ಸರಿ. ನಿಲ್ಲದಿದ್ದರೆ ತಪ್ಪಿರುವುದು ಅಳತೆಯಲ್ಲಿ, ಮೇಟನ್ನು ದೂರಬೇಡಿ.

ಭಾಗ ತಲೆಕೆಳಗಾಗಿ ಕೂತರೆ ಗಾಬರಿ ಬೇಡ. ಎರಡು ಮುಖ ಎದುರುಬದುರು ನಿಲ್ಲಬೇಕೋ ಒಂದೇ ಕಡೆ ನೋಡಬೇಕೋ ಎಂದು ಕೇಳುವ ಗುಂಡಿ ಅಲ್ಲೇ ಇರುತ್ತದೆ, ಒತ್ತಿದರೆ ಮಗುಚಿಕೊಳ್ಳುತ್ತದೆ. ಮೇಲಿನ ಬ್ರಾಸಿಗೂ ಇದೇ ಕ್ರಮ. ತಿರುಗುವುದನ್ನು ತಡೆಯಲು ಅದರ ಸೀಳುಮುಖವನ್ನು ಕೆಳಗಿನದರ ಸೀಳುಮುಖಕ್ಕೆ ಪ್ಯಾರಲಲ್ ಮಾಡಿ.

ಕ್ಯಾಪು: ಎಲ್ಲರೂ ಎಡವುವ ಜಾಗ

ಕ್ಯಾಪನ್ನು ತಂದ ಕೂಡಲೇ ಹತ್ತರಲ್ಲಿ ಒಂಬತ್ತು ಮಂದಿ ಮಾಡುವುದು ಹೀಗೆ: ಕ್ಯಾಪಿನ ಎಡತೂತು ಬಾಡಿಯ ಎಡತೂತಿಗೆ ಕಾನ್‌ಸೆಂಟ್ರಿಕ್, ಬಲತೂತು ಬಲತೂತಿಗೆ ಕಾನ್‌ಸೆಂಟ್ರಿಕ್, ಕೊನೆಗೆ ಕ್ಯಾಪಿನ ತಳ ಬಾಡಿಯ ಮೇಲ್ಮುಖಕ್ಕೆ. ಮೂರೇ ಮೇಟ್, ಮೂರೂ ತಪ್ಪು.

ಮೂರನೆಯದರಿಂದ ಶುರು ಮಾಡುತ್ತೇನೆ, ಅದು ಬೇಗ ಮುಗಿಯುತ್ತದೆ. ಕ್ಯಾಪಿನ ತಳ ಬಾಡಿಗೆ ತಾಗಲೇಬಾರದು. ನಡುವೆ ಸಣ್ಣ ಸಂದು ಇರಬೇಕು, ಪಠ್ಯದ ಚಿತ್ರದಲ್ಲೂ ಅದನ್ನು ತೋರಿಸಿರುತ್ತಾರೆ. ಓಡಿ ಓಡಿ ಬ್ರಾಸು ಸವೆದಾಗ ಸೀಳುಮುಖವನ್ನು ಅರದಲ್ಲಿ ಸ್ವಲ್ಪ ಉಜ್ಜಿ ಕ್ಯಾಪನ್ನು ಇನ್ನಷ್ಟು ಬಿಗಿಯುತ್ತಾರೆ; ಬಿಗಿಯಲು ಜಾಗ ಬೇಕಲ್ಲ, ಅದಕ್ಕೆ ಈ ಸಂದು. ಕ್ಯಾಪು ಕೂರುವುದು ಬ್ರಾಸಿನ ಮೇಲೆ. ಸಂದು 3 ಮಿ.ಮೀ. ಇರಬೇಕು ಎಂದುಕೊಂಡು 3 ಎಂದು ಡಿಸ್ಟೆನ್ಸ್ ಮೇಟ್ ಕೊಡುವವರೂ ಇದ್ದಾರೆ. ಅದೂ ಬೇಡ. ಕ್ಯಾಪನ್ನು ಬ್ರಾಸಿನ ಮೇಲೆ ಕೂರಿಸಿ, ಸಂದನ್ನು ಮೆಷರ್ ಮಾಡಿ ನೋಡಿ. 3 ಬಂದರೆ ಬಾಡಿ, ಬ್ರಾಸು, ಕ್ಯಾಪು ಮೂರರ ಅಳತೆಯೂ ಹೊಂದಿದೆ ಎಂದಾಯಿತು. ಡಿಸ್ಟೆನ್ಸ್ ಕೊಟ್ಟರೆ ಆ ಪರೀಕ್ಷೆಯನ್ನು ನೀವೇ ಕೆಡಿಸಿದಂತೆ.

ಇನ್ನು ಎರಡು ತೂತಿನ ವಿಷಯ. ಇದನ್ನು ಉದ್ದಕ್ಕೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಎಂ12 ಬೋಲ್ಟಿಗೆ ಸಾಮಾನ್ಯ ಕೆಲಸದಲ್ಲಿ ಕೊರೆಯುವ ತೂತು 13.5 ಮಿ.ಮೀ. ಅಂದರೆ ಸುತ್ತಲೂ 0.75 ಪ್ಲೇ. ಬಾಡಿಯ ಎರಡು ತೂತುಗಳ ನಡುವಿನ ಅಂತರ 120, ಕ್ಯಾಪಿನದು 120.02 ಎಂದಿಟ್ಟುಕೊಳ್ಳಿ. ಶೆಡ್ಡಿನಲ್ಲಿ ಫಿಟ್ಟರು ಇದನ್ನು ಗಮನಿಸುವುದೂ ಇಲ್ಲ, ಬೋಲ್ಟು ಸಲೀಸಾಗಿ ಇಳಿಯುತ್ತದೆ. ಸಾಫ್ಟ್‌ವೇರ್ ಹಾಗಲ್ಲ, ಅದಕ್ಕೆ ಪ್ಲೇ ಗೊತ್ತಿಲ್ಲ. ಅಕ್ಷಕ್ಕೆ ಅಕ್ಷ ಕೂಡಬೇಕು ಎಂದಿದ್ದೀರಿ, ಅದು ಕೂಡಲೇಬೇಕು ಎಂದು ಹಟ ಹಿಡಿಯುತ್ತದೆ. ಗೋಡೆಗೆ ಒಂದೇ ಮೊಳೆಯಲ್ಲಿ ತೂಗುಹಾಕಿದ ಫೋಟೊ ನೆನಪಿಸಿಕೊಳ್ಳಿ. ಮೊದಲ ತೂತನ್ನು ಕೂಡಿಸಿದಾಗ ಕ್ಯಾಪಿನ ಸ್ಥಿತಿ ಅದು. ತೂತಿನ ಉದ್ದಕ್ಕೆ ಜಾರುವುದನ್ನು ಬಿಟ್ಟರೆ ಆ ಮೊಳೆಯ ಸುತ್ತ ತೂಗಾಡುವುದೊಂದೇ ಬಾಕಿ. ಎರಡನೇ ಕಾನ್‌ಸೆಂಟ್ರಿಕ್ ಆ ತೂಗಾಟ ನಿಲ್ಲಿಸುವುದರ ಜೊತೆಗೆ ಇನ್ನೊಂದನ್ನೂ ಕೇಳುತ್ತದೆ: ಎರಡೂ ಭಾಗದ ತೂತುಗಳ ಅಂತರ ಕರಾರುವಾಕ್ಕಾಗಿ ಒಂದೇ ಇರಬೇಕು. ಅದು ಮೇಟಿನ ಕೈಯಲ್ಲಿಲ್ಲ, ಭಾಗದ ಡೈಮೆನ್ಷನ್‌ನಲ್ಲಿದೆ. 0.02ರ ವ್ಯತ್ಯಾಸಕ್ಕೆ ಅಸೆಂಬ್ಲಿ ಕೆಂಪಾಗುತ್ತದೆ.

ಎರಡೂ 120 ಇದ್ದರೆ? ಆಗ ಸಾಫ್ಟ್‌ವೇರ್ ತುಟಿ ಪಿಟಕ್ಕೆನ್ನುವುದಿಲ್ಲ. ನನ್ನ ಪ್ರಕಾರ ಇದೇ ಹೆಚ್ಚು ಕೆಟ್ಟದ್ದು. ಒಂದು ದಿನ ಯಾರೋ ಕ್ಯಾಪಿನ ಅಂತರವನ್ನು 122 ಮಾಡುತ್ತಾರೆ, ಬಾಡಿಯದನ್ನು ಬದಲಿಸಲು ಮರೆಯುತ್ತಾರೆ. ಎರರ್ ಸಾಲುಸಾಲಾಗಿ ಬರುತ್ತದೆ, ಅದೂ ತಪ್ಪಿರುವ ಮೇಟಿನ ಮೇಲೆಯೇ ಬರುತ್ತದೆಂಬ ಗ್ಯಾರಂಟಿಯಿಲ್ಲ. ಬ್ರಾಸಿನ ಸರಿಯಾದ ಮೇಟ್ ಕೆಂಪಾಗಿ ಕಾಣುತ್ತದೆ, ಗಾಬರಿಬಿದ್ದವರು ಅದನ್ನು ಡಿಲೀಟ್ ಮಾಡುತ್ತಾರೆ, ಕೆಂಪು ಹೋಗುತ್ತದೆ, ಫೈಲು ಶೆಡ್ಡಿಗೆ ಹೋಗುತ್ತದೆ. ಇನ್ನು ಕೆಲವರು ಎಲ್ಲ ಭಾಗವನ್ನೂ ಒಟ್ಟಿಗೆ ಆರಿಸಿ ಫಿಕ್ಸ್ ಒತ್ತಿ ಕೈತೊಳೆದುಕೊಳ್ಳುತ್ತಾರೆ. ಬಾಡಿಯ ಹೊರತು ಬೇರೆ ಯಾವುದಕ್ಕೂ ಫಿಕ್ಸ್ ಇರುವ ಫೈಲು ಬಂದರೆ ನಾನು ಅದನ್ನು ಮುಂದೆ ನೋಡುವುದಿಲ್ಲ.

ವರ್ನಿಯರ್ ಹಿಡಿದು ಹಳೆ ಭಾಗ ಅಳೆದು ಮಾಡೆಲ್ ಮಾಡುವವರಿಗಂತೂ ಇದು ಕಟ್ಟಿಟ್ಟ ಬುತ್ತಿ. ಯಾದವಗಿರಿಯ ಐಡಿಯಲ್ ಜಾವಾ ಬೈಕು ಕಾರ್ಖಾನೆ 1996ರಲ್ಲಿ ಮುಚ್ಚಿತು, ಅದರ ಬೈಕುಗಳು ಇನ್ನೂ ಓಡುತ್ತಿವೆ. ಸಿಗದ ಬ್ರಾಕೆಟ್ಟು, ಕವರುಗಳನ್ನು ಅಳೆದು ಮಾಡಿಸಿಕೊಳ್ಳಲು ಹೊರಟರೆ ಸವೆದು ಅಂಡಾಕಾರವಾದ ತೂತುಗಳ ಅಂತರ ಒಂದು ಭಾಗದಲ್ಲಿ 79.94, ಇನ್ನೊಂದು ಭಾಗದಲ್ಲಿ 80.06 ಸಿಗುತ್ತದೆ. ಅಂಥ ಎರಡು ತೂತು ಯಾವ ಕಾಲಕ್ಕೂ ಕಾನ್‌ಸೆಂಟ್ರಿಕ್ ಆಗುವುದಿಲ್ಲ. ಮೊದಲು ಮೂಲ ಅಳತೆ ಏನಿದ್ದಿರಬಹುದೆಂದು ಯೋಚಿಸಿ ದುಂಡಗೆ 80 ಮಾಡಿಕೊಳ್ಳಿ, ಆಮೇಲೆ ಮಾಡೆಲ್.

ಜಿಗ್, ಫಿಕ್ಸ್‌ಚರ್ ಮಾಡಿದವರಿಗೆ, ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಕಲಿತವರಿಗೆ ಈ ಪಾಠ ಹೊಸದಲ್ಲ. ಎರಡು ತೂತಿನ ಮೇಲೆ ಜಾಬ್ ಕೂರಿಸಬೇಕಾದರೆ ಒಂದು ಪಿನ್ ದುಂಡಗೆ ಇಡುತ್ತಾರೆ, ಇನ್ನೊಂದರ ಎರಡು ಮಗ್ಗುಲನ್ನು ಕೆತ್ತಿ ಡೈಮಂಡ್ ಪಿನ್ ಮಾಡುತ್ತಾರೆ. ಎರಡನೆಯದು ತಿರುಗುವುದನ್ನಷ್ಟೇ ತಡೆಯುತ್ತದೆ, ಅಂತರದ ತಂಟೆಗೆ ಹೋಗುವುದಿಲ್ಲ. ಕ್ಯಾಡಿನಲ್ಲೂ ಹಾಗೇ ಮಾಡಿ.

ಹಾಗಾದರೆ ಕ್ಯಾಪಿಗೆ ಸರಿಯಾದ ಕ್ರಮವೇನು? ಕ್ಯಾಪಿನ ಒಳಕುಳಿ ಮೇಲಿನ ಬ್ರಾಸಿನ ಹೊರಮೈಗೆ ಕಾನ್‌ಸೆಂಟ್ರಿಕ್. ನಡು ಪ್ಲೇನಿಗೆ ನಡು ಪ್ಲೇನ್. ಕ್ಯಾಪಿನ ತಳ ಬಾಡಿಯ ಮೇಲ್ಮುಖಕ್ಕೆ ಪ್ಯಾರಲಲ್. ಆರು ಚಲನೆಯೂ ಮುಗಿಯಿತು, ಬೋಲ್ಟಿನ ತೂತನ್ನು ಮುಟ್ಟಲೇ ಇಲ್ಲ. ಈಗ ಮೇಲಿನಿಂದ ತೂತಿನೊಳಗೆ ಇಣುಕಿ ನೋಡಿ. ಎರಡೂ ಕಡೆ ಬೆಳಕು ನೇರ ಹಾದರೆ ಕೆಲಸ ಸರಿ. ಒಂದು ಕಡೆ ಅರ್ಧಚಂದ್ರ ಕಂಡರೆ ತೂತಿನ ಅಳತೆ ತಪ್ಪಿದೆ, ಅದು ಈಗಲೇ ಗೊತ್ತಾಯಿತು. ಬೋಲ್ಟಿನ ಕೆಲಸ ಬಿಗಿಹಿಡಿಯುವುದು. ಭಾಗದ ಜಾಗ ಗೊತ್ತು ಮಾಡುವುದು ಕುಳಿ, ಭುಜ, ಡೋವೆಲ್ ಪಿನ್ನು. ನಿಜವಾದ ಯಂತ್ರದಲ್ಲಿ ಯಾವುದು ಜಾಗ ಗೊತ್ತು ಮಾಡುತ್ತದೋ ಅದಕ್ಕೆ ಮೇಟ್ ಹಾಕಿ.

ಕುಳಿಯೂ ಇಲ್ಲ, ಪಿನ್ನೂ ಇಲ್ಲ, ಬರೀ ಚಪ್ಪಟೆ ತಗಡಿನ ಬ್ರಾಕೆಟ್ಟು ಅಂದರೆ ಮುಖಕ್ಕೆ ಮುಖ, ಒಂದು ತೂತಿಗೆ ಕಾನ್‌ಸೆಂಟ್ರಿಕ್, ಅಂಚಿಗೆ ಅಂಚು ಪ್ಯಾರಲಲ್. ಎರಡನೇ ತೂತನ್ನು ಬಿಟ್ಟುಬಿಡಿ. ಸಾಲಿಡ್‌ವರ್ಕ್ಸ್‌ನ ಹೊಸ ಆವೃತ್ತಿಗಳಲ್ಲಿ ಅಂತರ ತುಸು ತಪ್ಪಿದ್ದರೂ ಎರಡು ಕಾನ್‌ಸೆಂಟ್ರಿಕ್ ಒಪ್ಪಿಕೊಳ್ಳುವ ಆಯ್ಕೆ ಬಂದಿದೆ. ಕಲಿಯುವವರು ಅದರ ಗೊಡವೆಗೆ ಹೋಗದಿರುವುದೇ ಕ್ಷೇಮ.

ಶಾಫ್ಟು, ಬೋಲ್ಟು

ಶಾಫ್ಟಿಗೆ ಬ್ರಾಸಿನ ಒಳಮೈ ಕಾನ್‌ಸೆಂಟ್ರಿಕ್, ಉದ್ದಕ್ಕೆ ಒಂದು ಮೇಟ್. ತಿರುಗುವುದನ್ನು ಬಿಟ್ಟುಬಿಡಿ, ಅದು ತಿರುಗಲೆಂದೇ ಇರುವುದು. ಎಲ್ಲ ಭಾಗವೂ ಪೂರ್ತಿ ಕಟ್ಟಾಗಲೇಬೇಕು ಎಂದು ಲ್ಯಾಬುಗಳಲ್ಲಿ ಹೇಳಿಕೊಡುವುದನ್ನು ನಾನು ಒಪ್ಪುವುದಿಲ್ಲ. ಬೋಲ್ಟಿಗೆ ತನ್ನ ತೂತಿಗೆ ಕಾನ್‌ಸೆಂಟ್ರಿಕ್, ತಲೆಯ ಒಳಮುಖ ಕೂರುವ ಮುಖಕ್ಕೆ ಕೂಡಿಕೆ. ತಲೆ ಚೌಕವಾಗಿದ್ದರೆ ಒಂದು ಮಗ್ಗುಲು ಪ್ಯಾರಲಲ್. ನಟ್ಟಿಗೂ ಪ್ಯಾರಲಲ್ ಕೊಡಿ, ಡ್ರಾಯಿಂಗಿನಲ್ಲಿ ಎದುರಿಗೆ ಮೂರು ಮುಖ ಕಾಣಬೇಕು.

ತಪಾಸಣೆ

ಕಾನ್‌ಸೆಂಟ್ರಿಕ್ ಮೇಟ್ ಅಕ್ಷವನ್ನಷ್ಟೇ ನೋಡುತ್ತದೆ, ವ್ಯಾಸವನ್ನಲ್ಲ. 50 ಮಿ.ಮೀ. ಬ್ರಾಸಿನೊಳಗೆ 52ರ ಶಾಫ್ಟನ್ನು ಅದು ಖುಷಿಯಿಂದ ಕೂರಿಸುತ್ತದೆ. ಆದ್ದರಿಂದ ಇಂಟರ್‌ಫಿಯರೆನ್ಸ್ ಚೆಕ್ ಕಡ್ಡಾಯ. ಅದರಲ್ಲಿ ಬೋಲ್ಟಿಗೂ ನಟ್ಟಿಗೂ ಡಿಕ್ಕಿ ಎಂದು ಬಂದರೆ ಹೆದರಬೇಡಿ: ಥ್ರೆಡ್ಡನ್ನು ಕೆತ್ತದೆ ಬರೀ ಗುರುತು ಹಾಕಿದ್ದರೆ 12 ಮಿ.ಮೀ. ಬೋಲ್ಟು ನಟ್ಟಿನ 10.2 ತೂತಿನಲ್ಲಿ ಕೂತಂತೆ ಲೆಕ್ಕವಾಗುತ್ತದೆ. ಅದನ್ನು ಬಿಟ್ಟು ಉಳಿದ ಪ್ರತಿಯೊಂದನ್ನೂ ತೆರೆದು ನೋಡಿ. ಮೆಷರ್‌ನಲ್ಲಿ ದಶಾಂಶ ಮೂರು ಸ್ಥಾನ ಇಟ್ಟುಕೊಳ್ಳಿ. ಒಂದೇ ಸ್ಥಾನ ಇದ್ದರೆ 120.02 ಕೂಡ 120.0 ಎಂದೇ ಕಾಣುತ್ತದೆ.

ಜಾಗ ಮುಗಿಯುತ್ತಿದೆ, ಉಳಿದದ್ದು ಚುಟುಕಾಗಿ. ಹಣ ಕೊಟ್ಟು ಸಾಫ್ಟ್‌ವೇರ್ ಕೊಳ್ಳಲಾಗದವರಿಗೆ ಫ್ರೀಕ್ಯಾಡ್ ಉಚಿತ; 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಿಂದ ಅಸೆಂಬ್ಲಿ ಅದರೊಳಗೇ ಇದೆ. ಹೊರಗಿನಿಂದ ತಂದ ಭಾಗ ಇಪ್ಪತ್ತೈದು ಪಟ್ಟು ದೊಡ್ಡದಾಗಿಯೋ ಚಿಕ್ಕದಾಗಿಯೋ ಕಂಡರೆ ಇಂಚು, ಮಿ.ಮೀ. ಅದಲುಬದಲಾಗಿದೆ. ಭಾಗದ ಫೈಲುಗಳೆಲ್ಲ ಒಂದೇ ಫೋಲ್ಡರಿನಲ್ಲಿರಲಿ, ಹೆಸರನ್ನು ವಿಂಡೋಸ್‌ನಲ್ಲಿ ಬದಲಿಸಬೇಡಿ. ಸ್ಟೆಪ್ ಫೈಲಿನಲ್ಲಿ ಭಾಗಗಳು ಎಲ್ಲಿವೆ ಎಂಬುದು ಉಳಿಯುತ್ತದೆ, ಮೇಟುಗಳು ಉಳಿಯುವುದಿಲ್ಲ. ಶೆಡ್ಡಿನವರು ಏನಾದರೂ ತಿದ್ದಬೇಕಾಗಿದ್ದರೆ ಪ್ಯಾಕ್ ಆ್ಯಂಡ್ ಗೋ ಮಾಡಿ ಮೂಲ ಫೈಲುಗಳನ್ನೇ ಕಳಿಸಿ, ಜೊತೆಗೊಂದು ಸೆಕ್ಷನ್ ಡ್ರಾಯಿಂಗ್ ಪಿಡಿಎಫ್ ಇರಲಿ.